‘ಅಭಿನತಿ’ ಶಬ್ದದ ಅರ್ಥವಿಚಾರ

ವಿದ್ಯುಚ್ಛಾಸ್ತ್ರದ ‘ಬಯಾಸ್’ ಎಂಬ ಪದಕ್ಕೆ ಹಿಂದಿಯ ಪರಿಭಾಷೆಯಲ್ಲಿ ‘ಅಭಿನತಿ’ ಎಂದಿದೆ. ಅದನ್ನು ಕನ್ನಡಕ್ಕೂ ತರಬಹುದೇ ಎಂಬುದು ವಿಚಾರಣೀಯ. ‘ಅಭಿ’ಯೆಂಬ ಉಪಸರ್ಗವು ಆಭಿಮುಖ್ಯವನ್ನೂ ‘ನತಿ’ಯು ಬಾಗುವಿಕೆಯನ್ನೂ ಹೇಳುವುವು. ಡಯೋಡಿನಲ್ಲಿ ಪ್ರವಾಹಕ್ಕೆ ಅನುಕೂಲ, ಪ್ರತಿಕೂಲ ಎಂಬ ದಿಕ್ಕುಗಳೇ ಮುಖ್ಯವಾದುದರಿಂದ ಅಲ್ಲಿ ಈ ಶಬ್ದವು ನಿರ್ದುಷ್ಟವಾಗಿದೆ. ಟ್ರಾನ್ಸಿಸ್ಟರಿನ ವರ್ಧಕದಲ್ಲಿ ಸಾಲದು.

ಸಿಲಿಕಾನ್ ಟ್ರಾನ್ಸಿಸ್ಟರು ಬೇಸಿಗೂ ಎಮಿಟರಿಗೂ ನಡುವೆ ಸುಮಾರು 0.6 ವೋಲ್ಟು ಒದಗುವವರೆಗೆ ಬಹುಮಟ್ಟಿಗೆ ಪ್ರವಾಹವನ್ನು ಹರಿಯಗೊಡದು. ಮೈಕಿನಿಂದ ಬರುವ ಸಂಕೇತವಾದರೋ ಕೆಲವೇ ಮಿಲಿವೋಲ್ಟು. ಅದೂ ಕ್ಷಣಕ್ಷಣಕ್ಕೆ ಏರಿಳಿಯತಕ್ಕುದು. ಅಷ್ಟರಿಂದಲೇ ಯಂತ್ರವು ದನಿಗೊಡದು. ಆದಕಾರಣ ಸಂಕೇತವು ಬರುವುದಕ್ಕೆ ಮೊದಲೇ ಏಕಮುಖವಾದ ವಿದ್ಯುತ್ತನ್ನು ಹದವರಿತು ಹರಿಯಿಸಿ, ಕಲೆಕ್ಟರಿನ ವೋಲ್ಟೇಜನ್ನು ಏರುವುದಕ್ಕೂ ಇಳಿಯುವುದಕ್ಕೂ ಎಡೆಯಿರುವಂತೆ ನಡುವೆ ನಿಲ್ಲಿಸಬೇಕು; 12 ವೋಲ್ಟಿನ ಬ್ಯಾಟರಿಯಿದ್ದಲ್ಲಿ ಸುಮಾರು 6ರಲ್ಲಿ. ಗಾಯಕನು ಆಧಾರಷಡ್ಜವನ್ನು ಆರಿಸಿಕೊಳ್ಳುವುದೂ ಹೀಗೆಯೇ. ತೀರ ತಗ್ಗಿಸಿದರೆ ಮಂದ್ರವು ಕೇಳಿಸದು, ತೀರ ಏರಿಸಿದರೆ ತಾರದಲ್ಲಿ ಕಂಠವು ಒಡೆಯುವುದು. ವರ್ಧಕದಲ್ಲಿಯೂ ನೆಲೆ ತಪ್ಪಿದರೆ ಅಲೆಯ ಒಂದು ಮಗ್ಗುಲು ಕತ್ತರಿಸಿಹೋಗುತ್ತದೆ. ಬಿಸಿಯೇರಿದಂತೆ ಆ ನೆಲೆಯು ಜರುಗುವುದುಂಟು. ಅದನ್ನು ಹಿಡಿದು ನಿಲ್ಲಿಸುವುದಕ್ಕಾಗಿಯೇ ಎಮಿಟರಿನಲ್ಲಿ ರೋಧಕವನ್ನಿಡುವರು.

ಇದರಲ್ಲಿ ಬಾಗುವಿಕೆಯೆಲ್ಲಿ? ನಡೆದಿರುವುದು ನಿಲ್ಲಿಸುವ ಕೆಲಸ. ಹಾಗಾದರೆ ‘ಆಧಾರಸ್ಥಿತಿ’ಯೆನ್ನಬಾರದೇಕೆಂದು ಕೆಲವರು ಶಂಕಿಸಬಹುದು. ಹಿಂದಿಯಲ್ಲಿ ‘ಆಧಾರ’ವೆಂಬ ಹೆಸರು ಬೇಸಿಗೇ ಸಂದಿದೆ, ಎರಡೂ ಕಡೆಯ ಪುಸ್ತಕಗಳನ್ನು ಓದುವ ವಿದ್ಯಾರ್ಥಿಯು ಒಂದನ್ನು ಮತ್ತೊಂದೆಂದು ಭ್ರಮಿಸುವನು. ವರ್ಧಕದ ಪ್ರಕರಣದಲ್ಲಿ ‘ನೆಲೆಗೊಳಿಕೆ’ಯೆಂಬ ಕನ್ನಡದ ಮಾತೇ ಮೇಲು, ಅಭಿನತಿಯು ಡಯೋಡಿನ ಪ್ರಕರಣದಲ್ಲಿಯೇ ಇರಲಿ.