ಕೋಟೆಯ ಕಥೆ, ಕಣದ ಲೆಕ್ಕ

ಈಚೆಗೆ ಎರಡು ಗ್ರಂಥಗಳನ್ನು ಒಂದರ ಬೆನ್ನಿಗೊಂದು ಓದಿದೆ. ಒಂದು, ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ (1982). ಇನ್ನೊಂದು, ಫ್ರಾನ್ಸಿಸ್ ಬುಕಾನನ್ ಬರೆದು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮೂರು ಸಂಪುಟಗಳ ಪ್ರವಾಸಕಥನ. ಪಾಲಹಳ್ಳಿಯವನಾದ ನನಗೆ ಎರಡೂ ನೆರೆಮನೆಯ ಸುದ್ದಿಯೇ. 1779ರಲ್ಲಿ ದುರ್ಗವನ್ನು ಗೆದ್ದ ಹೈದರನ ರಾಜಧಾನಿ ನಮ್ಮ ಪಕ್ಕದ ಶ್ರೀರಂಗಪಟ್ಟಣ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಬುಕಾನನ್ ಬಂದದ್ದೂ ಅಲ್ಲಿಗೇ.

ತರಾಸು ಅವರದು ಅಭಿಮಾನದ ಬರವಣಿಗೆ. ಮದಕರಿನಾಯಕನ ಛಲ, ದುಡುಕು, ಒಂಟಿತನ ಓದುಗನ ಎದೆಗೆ ನಾಟುತ್ತವೆ. ಮಾತು ಕೆಲವೆಡೆ ಉಕ್ಕಿ ಹರಿಯುತ್ತದೆ, ನಿಜ. ಆದರೆ ಕೋಟೆ ಬಿದ್ದಾಗ ನಮ್ಮದೇ ಏನೋ ಬಿದ್ದಂತಾಗುತ್ತದೆ. ಅಷ್ಟು ದಂಡಿಗೆ ಅನ್ನ ಬೆಳೆದವನು ಮಾತ್ರ ಕಥೆಯ ಅಂಚಿನಲ್ಲೇ ಉಳಿದ.

ಅವನು ಸಿಕ್ಕುವುದು ಬುಕಾನನ್ನನಲ್ಲಿ. ಬತ್ತವನ್ನು ಒಣಬೀಜವಾಗಿ ಚೆಲ್ಲುವುದು, ಮೊಳೆ ಬರಿಸಿ ಬಿತ್ತುವುದು, ನಾಟಿ ಹಾಕುವುದು, ಈ ಮೂರು ಕ್ರಮಗಳನ್ನೂ ಆತ ಬಿಡಿಸಿ ಬರೆದಿದ್ದಾನೆ. ಆಳಿನ ಕೂಲಿ, ಕಣದ ರಾಶಿಯಲ್ಲಿನ ಪಾಲು ಯಾವುದನ್ನೂ ಬಿಟ್ಟಿಲ್ಲ. ಆದರೆ ಆತ ಕಂಪನಿಯ ನೌಕರ. ಒಕ್ಕಲಿನ ಬೆಳೆಯನ್ನು ಅಳೆದಷ್ಟು ಅವನ ಅಳಲನ್ನು ಅಳೆಯಲಿಲ್ಲ.

ಚಾರಿತ್ರಿಕ ಕಾದಂಬರಿ ಬರೆಯಹೊರಟವರು ಕೈಫಿಯತ್ತು, ಬಖೈರುಗಳ ಜೊತೆಗೆ ಈ ಕೂಲಿಯ, ಕಣದ ಲೆಕ್ಕವನ್ನೂ ಓದಬೇಕು. ತರಾಸು ಅವರ ಎದೆ, ಬುಕಾನನ್ನನ ಕಣ್ಣು ಒಂದೇ ಕೃತಿಯಲ್ಲಿ ಕೂಡಿದರೆ, ಮುತ್ತಿಗೆಯ ವರ್ಷ ಗದ್ದೆ ಬಿತ್ತಲಾರದೆ ಹೋದ ಮನೆಯ ಕಥೆಯನ್ನೂ ನಾವು ಓದಬಹುದು.