ಟ್ರೈನರ್ ಆದಮೇಲೆ ಯಾವುದು?

ಟ್ರೈನರ್ ವಿಮಾನವನ್ನು ಧೈರ್ಯವಾಗಿ ಏರಿಸಿ ಇಳಿಸಲು ಬಂತು ಎನ್ನುವಷ್ಟರಲ್ಲಿ ಆರ್‌ಸಿ (ರೇಡಿಯೊ ಕಂಟ್ರೋಲ್) ಹವ್ಯಾಸಿಗಳ ಕಣ್ಣು ಎರಡನೇ ಮಹಾಯುದ್ಧದ ಕಡೆ ಹೊರಳುತ್ತದೆ. ಸ್ಪಿಟ್‌ಫೈರ್, ಮಸ್ಟಾಂಗ್, ಕೋರ್ಸೇರ್. ಈ ಫೈಟರ್‌ಗಳ ಫೋಮ್ ಮಾದರಿಗಳು ಚಿತ್ರದಲ್ಲೇ ಮನಸ್ಸು ಕದಿಯುತ್ತವೆ. ಅವುಗಳಲ್ಲಿ ಎಷ್ಟೋ ಮೊದಲ ಹಾರಾಟದಲ್ಲೇ ಚೂರಾಗುತ್ತವೆ, ಜೊತೆಗೆ ಕೊಂಡವರ ಉತ್ಸಾಹವೂ ಅಲ್ಲಿಗೇ ಮುಗಿಯುತ್ತದೆ. ಇಲ್ಲಿ ದೋಷ ಹಾರಿಸಿದವರ ಕೈಯದ್ದಲ್ಲ, ಆಯ್ಕೆಯದ್ದು. ಎರಡನೇ ವಿಮಾನದಿಂದ ನಾವು ಕೇಳಬೇಕಾದದ್ದು ಎರಡು: ಟ್ರೈನರ್ ಕಲಿಸದೆ ಬಿಟ್ಟದ್ದನ್ನು ಅದು ಕಲಿಸಬೇಕು, ಕಲಿಯುವಾಗ ಆಗುವ ತಪ್ಪನ್ನು ತಾಳಿಕೊಳ್ಳಬೇಕು. ಮಾರುಕಟ್ಟೆಯಲ್ಲಿ ಹೆಸರು ಮಾಡಿದ ವಿಮಾನಗಳಲ್ಲಿ ಹೆಚ್ಚಿನವು ಇವೆರಡರಲ್ಲಿ ಒಂದನ್ನು ಮಾತ್ರ ಮಾಡುತ್ತವೆ.

ಟ್ರೈನರ್ ಏನನ್ನು ಕಲಿಸದೆ ಬಿಡುತ್ತದೆ ಎಂದು ತಿಳಿಯಲು ಅದರ ರೆಕ್ಕೆ ನೋಡಬೇಕು. ರೆಕ್ಕೆ ಒಡಲಿನ ಮೇಲುಗಡೆ ಕೂತಿರುತ್ತದೆ, ಎರಡೂ ತುದಿಗಳು ತುಸು ಮೇಲಕ್ಕೆ ಎತ್ತಿರುತ್ತವೆ. ಗಾಳಿ ಬೀಸಿ ವಿಮಾನ ಒಂದು ಪಕ್ಕಕ್ಕೆ ವಾಲಿತೆನ್ನಿ. ಅದು ವಾಲಿದ ಕಡೆಗೇ ಜಾರತೊಡಗುತ್ತದೆ. ಜಾರುವಾಗ ಕೆಳಗಿನ ರೆಕ್ಕೆಗೆ ಗಾಳಿ ಹೆಚ್ಚಿನ ಕೋನದಲ್ಲಿ ತಾಗುತ್ತದೆ, ಆ ರೆಕ್ಕೆ ಮೇಲೇಳುತ್ತದೆ, ವಿಮಾನ ಸಮವಾಗುತ್ತದೆ. ಒಡಲು ರೆಕ್ಕೆಯ ಕೆಳಗೆ ಲೋಲಕದ ಹಾಗೆ ತೂಗುವುದರಿಂದ ನೇರವಾಗುತ್ತದೆ ಎಂದು ಮೈದಾನದಲ್ಲಿ ಹೇಳುವುದುಂಟು, ಅದು ಸರಿಯಲ್ಲ. ಕೆಲಸ ಮಾಡುವುದು ಪಕ್ಕಕ್ಕೆ ಜಾರುವಾಗ ತಾಗುವ ಗಾಳಿಯೇ. ಕಾರಣ ಏನೇ ಇರಲಿ, ಫಲ ಇಷ್ಟು: ಗಾಬರಿಯಾದಾಗ ರಿಮೋಟಿನ ಕಡ್ಡಿ ಬಿಟ್ಟರೆ ಟ್ರೈನರ್ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಮೂರು ಚಾನೆಲ್ಲಿನ ಟ್ರೈನರ್ ಆದರಂತೂ ಅದರಲ್ಲಿ ಐಲರಾನ್ (ವಿಮಾನವನ್ನು ವಾಲಿಸುವ ರೆಕ್ಕೆಯ ಫಲಕ) ಎಂಬುದೇ ಇರುವುದಿಲ್ಲ, ರಡ್ಡರ್ ತಿರುಗಿಸಿದರೆ ರೆಕ್ಕೆ ತಾನಾಗಿ ವಾಲಿ ತಿರುವು ಆಗುತ್ತದೆ.

ಐಲರಾನ್ ಇರುವ, ರೆಕ್ಕೆಯ ತುದಿಗಳು ಮೇಲೆತ್ತಿರದ ವಿಮಾನದಲ್ಲಿ ಈ ಯಾವ ಉಪಕಾರವೂ ಇಲ್ಲ. ವಾಲಿಸಿದರೆ ವಾಲಿಯೇ ಇರುತ್ತದೆ. ತಿರುವಿಗೆ ಮೊದಲು ಐಲರಾನ್ ಕೊಡಬೇಕು, ಬೇಕಾದಷ್ಟು ವಾಲಿದೊಡನೆ ಕಡ್ಡಿಯನ್ನು ನಡುವಿಗೆ ತರಬೇಕು, ಎತ್ತರ ಕಳೆಯದ ಹಾಗೆ ಎಲಿವೇಟರ್ ಎಳೆದು ಹಿಡಿಯಬೇಕು, ತಿರುವು ಮುಗಿಯುವಾಗ ಎದುರು ಐಲರಾನ್ ಕೊಟ್ಟು ರೆಕ್ಕೆಯನ್ನು ನಾವೇ ಸಮ ಮಾಡಬೇಕು. ಇದರ ಜೊತೆಗೆ ಇನ್ನೊಂದು ಬದಲಾವಣೆಯಿದೆ, ಅದನ್ನು ಯಾರೂ ಮುಂಚೆಯೇ ಹೇಳಿಕೊಡುವುದಿಲ್ಲ. ಮೂರು ಚಾನೆಲ್ಲಿನ ವಿಮಾನದಲ್ಲಿ ಬಲಗೈ ಕಡ್ಡಿಯೇ ರಡ್ಡರ್ ಆಗಿರುತ್ತದೆ. ನಾಲ್ಕು ಚಾನೆಲ್ಲಿಗೆ ಬಂದಾಗ ಅದೇ ಕಡ್ಡಿ ಐಲರಾನ್ ಆಗಿ, ರಡ್ಡರ್ ಎಡಗೈ ಹೆಬ್ಬೆರಳಿಗೆ ಹೋಗುತ್ತದೆ. ಅಷ್ಟು ದಿನ ಥ್ರಾಟಲ್ ಮಾತ್ರ ನೋಡಿಕೊಂಡಿದ್ದ ಎಡಗೈಗೆ ಈಗ ನಿಜವಾದ ಕೆಲಸ ಬರುತ್ತದೆ. ಅಡ್ಡಗಾಳಿಯಲ್ಲಿ ಇಳಿಸಬೇಕಾದಾಗ ಆ ಎಡಗೈ ಕಲಿತಿರಲೇಬೇಕು.

ಇಷ್ಟು ಹೊಸ ಪಾಠವನ್ನು ಕಲಿಯಬೇಕಾದವರ ಕೈಗೆ ಸ್ಪಿಟ್‌ಫೈರ್ ಕೊಟ್ಟರೆ ಏನಾಗುತ್ತದೆ? ಆರ್.ಜೆ. ಮಿಚೆಲ್ ವಿನ್ಯಾಸ ಮಾಡಿದ, 1936ರಲ್ಲಿ ಮೊದಲು ಹಾರಿದ ಆ ವಿಮಾನದ ರೆಕ್ಕೆಯಷ್ಟು ಚೆಲುವಾದದ್ದು ವಿಮಾನಗಳ ಇತಿಹಾಸದಲ್ಲಿ ವಿರಳ ಎಂದು ನಾನೂ ಒಪ್ಪುತ್ತೇನೆ. ಆದರೆ ತುದಿಗೆ ಹೋದಂತೆ ಕಿರಿದಾಗುವ ಆ ರೆಕ್ಕೆಯೇ ಮಾದರಿಯಲ್ಲಿ ಶತ್ರು. ವಿಮಾನದ ಗಾತ್ರ ಇಳಿದಂತೆ ಕಿರಿದಾದ ತುದಿಯ ಮೇಲೆ ಗಾಳಿ ಬೇಗ ಹಿಡಿತ ಬಿಡುತ್ತದೆ. ವೇಗ ಇಳಿದಾಗ ರೆಕ್ಕೆಯ ಬುಡಕ್ಕಿಂತ ಮೊದಲು ತುದಿ ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ, ಅದೂ ಒಂದೇ ಕಡೆಯ ತುದಿ. ವಿಮಾನ ಕ್ಷಣದಲ್ಲಿ ಮಗುಚಿಕೊಳ್ಳುತ್ತದೆ. ನಿಜವಾದ ಸ್ಪಿಟ್‌ಫೈರ್‌ನಲ್ಲಿ ಇದನ್ನು ತಡೆಯಲೆಂದೇ ರೆಕ್ಕೆಯನ್ನು ತಿರುಚಿ, ಬುಡಕ್ಕಿಂತ ತುದಿಯ ಕೋನವನ್ನು ಎರಡೂವರೆ ಡಿಗ್ರಿಯಷ್ಟು ತಗ್ಗಿಸಿದ್ದರು. ಅಗ್ಗದ ಫೋಮ್ ಮಾದರಿಯಲ್ಲಿ ಆ ತಿರುಚು ಸರಿಯಾಗಿ ಉಳಿದಿದೆಯೆಂದು ನಂಬಿ ಕೂರುವಂತಿಲ್ಲ.

ಇದು ಮೈದಾನದಲ್ಲಿ ನಡೆಯುವುದು ಸಾಮಾನ್ಯವಾಗಿ ಇಳಿಸುವ ಮುನ್ನಿನ ಕೊನೆಯ ತಿರುವಿನಲ್ಲಿ. ಲೆಕ್ಕ ಸರಳ. ಎತ್ತರ ಕಳೆಯದೆ 60 ಡಿಗ್ರಿ ವಾಲಿ ತಿರುಗುವ ವಿಮಾನದ ರೆಕ್ಕೆ ತನ್ನ ತೂಕದ ಎರಡು ಪಟ್ಟು ಹೊರಬೇಕು, ಆಗ ಸ್ಟಾಲ್ ಆಗುವ ವೇಗ 1.41 ಪಟ್ಟು ಏರುತ್ತದೆ. ರೆಕ್ಕೆಯ ಪ್ರತಿ ಚದರ ಡೆಸಿಮೀಟರ್ ಹೊರುವ ಭಾರ ದುಪ್ಪಟ್ಟಾದರೂ ಅದೇ 1.41. ಫೈಟರ್ ಮಾದರಿಗಳು ಟ್ರೈನರ್‌ಗಿಂತ ಭಾರ, ರೆಕ್ಕೆ ಚಿಕ್ಕದು. ಟ್ರೈನರ್ ನಿಧಾನವಾಗಿ ತೇಲುತ್ತಿದ್ದ ವೇಗದಲ್ಲಿ ಇಂಥ ಫೈಟರನ್ನು ತಿರುಗಿಸಿ, ಸಾಲದೆಂದು ಎಲಿವೇಟರ್ ಎಳೆದರೆ ಅದು ನೆಲಕ್ಕೇ ಹೋಗುತ್ತದೆ. ಒಂದು ವೇಳೆ ಚೆನ್ನಾಗಿ ಇಳಿಸಿದರೂ, ಸ್ಪಿಟ್‌ಫೈರ್‌ನ ಚಕ್ರಗಳು ಒಂದಕ್ಕೊಂದು ಹತ್ತಿರ; ಹುಲ್ಲಿನಲ್ಲಿ ಪಕ್ಕಕ್ಕೆ ವಾಲಿ ರೆಕ್ಕೆಯ ತುದಿ ನೆಲಕ್ಕೆ ಬಡಿಯುತ್ತದೆ. ಅಗಲ ಕಾಲಿನ ಮಸ್ಟಾಂಗ್ ಈ ಒಂದು ವಿಷಯದಲ್ಲಿ ಮೇಲು, ಉಳಿದದ್ದರಲ್ಲಿ ಅದೇ ಕಥೆ.

ನಡುವಿನ ಮೆಟ್ಟಿಲು ತಪ್ಪಿಸುವುದರ ಬೆಲೆ ಏನೆಂದು ನಮ್ಮ ವಾಯುಪಡೆಗೆ ಚೆನ್ನಾಗಿ ಗೊತ್ತು. ಕಿರಣ್‌ನಂಥ ನಿಧಾನದ ಜೆಟ್ ಮೇಲೆ ಕಲಿತ ಯುವ ಪೈಲಟ್‌ಗಳು ಮುಂದೆ ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ನೆಲ ಮುಟ್ಟುವ ಮಿಗ್-21 ಹಾರಿಸಬೇಕಿತ್ತು. ಮಿಗ್-21 ಅಪಘಾತಗಳಲ್ಲಿ ಅನೇಕ ಎಳೆಯ ಜೀವಗಳು ಹೋದವು. ಏರ್ ಮಾರ್ಷಲ್ ಲಾ ಫೊಂಟೇನ್ ಸಮಿತಿ 1982ರಲ್ಲೇ ನಡುವೆ ಒಂದು ಉನ್ನತ ತರಬೇತಿ ಜೆಟ್ ಬೇಕು ಎಂದು ಹೇಳಿತ್ತು. ಹಾಕ್ ಎಂಬ ಅಂಥ ಜೆಟ್ ಕೊಳ್ಳುವ ಒಪ್ಪಂದ ಆದದ್ದು 2004ರಲ್ಲಿ. ಹಾಕ್ ವಿಮಾನಗಳು ನಮ್ಮ ಬೀದರಿನ ವಾಯುನೆಲೆಗೆ ಸೇರ್ಪಡೆಯಾದದ್ದು 2008ರಲ್ಲಿ. ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಅವು ತಯಾರಾದವು. ಹವ್ಯಾಸದಲ್ಲಿ ಹೋಗುವುದು ಫೋಮ್ ಮತ್ತು ಹಣ ಮಾತ್ರ, ನಿಜ. ಆದರೂ ಮೆಟ್ಟಿಲಿನ ತರ್ಕ ಅದೇ: ಮುಂದಿನ ವಿಮಾನ ಹಿಂದಿನದಕ್ಕಿಂತ ಒಂದು ಹೆಜ್ಜೆ ಮುಂದಿರಬೇಕು, ಮೂರು ಹೆಜ್ಜೆಯಲ್ಲ.

ಆ ಒಂದು ಹೆಜ್ಜೆಯನ್ನು ಸರಿಯಾಗಿ ಅಳೆದು ಇಟ್ಟ ವಿನ್ಯಾಸ ಹಳೆಯದು, ನೋಡಲು ಸಾಧಾರಣ. 1960ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆರ್‌ಸಿ ರೇಡಿಯೊ ತಯಾರಿಸುತ್ತಿದ್ದ ಫಿಲ್ ಕ್ರಾಫ್ಟ್ ಮಾಡಿದ ಅಗ್ಲಿ ಸ್ಟಿಕ್. ಕ್ರಾಫ್ಟ್ 1967ರಲ್ಲಿ ಕೋರ್ಸಿಕಾದಲ್ಲಿ ನಡೆದ ಆರ್‌ಸಿ ಏರೋಬ್ಯಾಟಿಕ್ಸ್ ವಿಶ್ವ ಚಾಂಪಿಯನ್‌ಶಿಪ್ ಗೆದ್ದವರು. ವಿಮಾನ ಹೇಗಿರಬೇಕೆಂಬುದು ಅವರಿಗೆ ತಿಳಿದಿತ್ತು, ಏನನ್ನು ಬಿಡಬಹುದೆಂಬುದು ಇನ್ನೂ ಚೆನ್ನಾಗಿ ತಿಳಿದಿತ್ತು. ಸ್ಟಿಕ್‌ನ ಒಡಲು ಬರೀ ಪೆಟ್ಟಿಗೆ. ರೆಕ್ಕೆ ಸುಮಾರು ಐದಡಿ, ಬುಡದಿಂದ ತುದಿಯವರೆಗೆ ಒಂದೇ ಅಗಲ. ಮೇಲೂ ಕೆಳಗೂ ಒಂದೇ ರೀತಿ ಉಬ್ಬಿದ, ದಪ್ಪನೆಯ ರೆಕ್ಕೆ. ಮೊದಲನೇ ಮಹಾಯುದ್ಧದ ಜರ್ಮನ್ ವಿಮಾನಗಳನ್ನು ನೆನಪಿಸುವ ಬಾಲ ಮತ್ತು ಶಿಲುಬೆಗಳನ್ನು ಬಿಟ್ಟರೆ ಅಲಂಕಾರವೇ ಇಲ್ಲ.

ಇದರ ಪ್ರತಿಯೊಂದು ಗೆರೆಯೂ ಕಲಿಯುವವರ ಪರ. ಒಂದೇ ಅಗಲದ ರೆಕ್ಕೆಯಲ್ಲಿ ಸ್ಟಾಲ್ ಬುಡದಿಂದ ಶುರುವಾಗುತ್ತದೆ. ತುದಿಯ ಕಡೆ ಐಲರಾನ್‌ಗಳಿಗೆ ಇನ್ನೂ ಹಿಡಿತ ಇರುತ್ತದೆ, ಮೂಗು ತಗ್ಗಿ ವಿಮಾನ ಎಚ್ಚರಿಕೆ ಕೊಡುತ್ತದೆ. ರೆಕ್ಕೆಯ ತುದಿಗಳು ಮೇಲೆತ್ತಿರುವುದು ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಇಟ್ಟ ಕಡೆ ನಿಲ್ಲುತ್ತದೆ. ಅಂದರೆ ಟ್ರೈನರ್ ತಾನೇ ಮಾಡಿಕೊಡುತ್ತಿದ್ದ ಕೆಲಸವನ್ನು ಈಗ ನಮ್ಮ ಕೈ ಮಾಡಬೇಕು. ಮಾಡಲು ಬೇಕಾದಷ್ಟು ಸಮಯವನ್ನೂ ಅದು ಕೊಡುತ್ತದೆ, ಯಾಕೆಂದರೆ ನಿಧಾನವಾಗಿಯೂ ಹಾರಬಲ್ಲದು. ಎರಡೂ ಕಡೆ ಉಬ್ಬಿದ ರೆಕ್ಕೆಯಿಂದಾಗಿ ತಲೆಕೆಳಗಾಗಿ ಹಾರುವುದು, ಲೂಪ್, ರೋಲ್ ಎಲ್ಲವೂ ಸಾಧ್ಯ. ಟ್ರೈನರ್‌ನಲ್ಲಿ ಬಲವಂತದಿಂದ ಮಾಡಿಸುತ್ತಿದ್ದ ಆಟಗಳು ಇಲ್ಲಿ ಸಲೀಸು. ಬಿದ್ದರೆ ಪೆಟ್ಟಿಗೆಯಂಥ ಒಡಲನ್ನು ಮತ್ತೆ ಅಂಟಿಸುವುದು ಕಷ್ಟವಲ್ಲ. ಇದರ ನಕ್ಷೆಗಳು ಇಂದಿಗೂ ಉಚಿತವಾಗಿ ಸಿಗುತ್ತವೆ. ಈ ವಿನ್ಯಾಸದ ಸಂತಾನ ಇಷ್ಟು ದಶಕಗಳಾದರೂ ಜಗತ್ತಿನ ಆರ್‌ಸಿ ಮೈದಾನಗಳಲ್ಲಿ ಉಳಿದಿರುವುದು ಹಳೆಯದರ ಮೇಲಿನ ಮೋಹದಿಂದಲ್ಲ, ಕೆಲಸಕ್ಕೆ ಬರುವುದರಿಂದ.

ಕೊರತೆಗಳೂ ಇವೆ. ಎಂಜಿನ್ ತಗ್ಗಿಸಿದರೆ ಸ್ಟಿಕ್ ಟ್ರೈನರ್‌ನಷ್ಟು ದೂರ ತೇಲುವುದಿಲ್ಲ. ಥ್ರಾಟಲ್ ಪೂರ್ತಿ ಮುಚ್ಚಿ ಇಳಿಸುವ ಅಭ್ಯಾಸ ಇದ್ದವರ ಕೈಯಲ್ಲಿ ಅದು ರನ್‌ವೇಗಿಂತ ಮುಂಚೆಯೇ ನೆಲ ಸೇರುತ್ತದೆ. ಸ್ವಲ್ಪ ಥ್ರಾಟಲ್ ಇಟ್ಟುಕೊಂಡೇ ಇಳಿಸುವುದನ್ನು ಕಲಿಯಬೇಕು, ಮುಂದೆ ಯಾವ ವಿಮಾನಕ್ಕೂ ಅದು ಬೇಕಾದ ವಿದ್ಯೆಯೇ. ಇನ್ನೊಂದು ಕೊರತೆ ಗಂಭೀರವಾದದ್ದು: ದೂರದಲ್ಲಿ ಇದರ ಮೇಲ್ಭಾಗ, ಕೆಳಭಾಗ ಒಂದೇ ಥರ ಕಾಣುತ್ತವೆ. ರೆಕ್ಕೆಯ ಕೆಳಗೆ ಬೇರೆ ಬಣ್ಣದ ಅಗಲ ಪಟ್ಟೆ ಹಾಕದೆ ಇದನ್ನು ಹಾರಿಸಬಾರದು.

ಯುದ್ಧವಿಮಾನದ ರೂಪವೇ ಬೇಕು ಎನ್ನುವವರಿಗೆ ನಾನು ಒಪ್ಪುವ ಒಂದೇ ಹೆಸರು ಟಿ-28 ಟ್ರೋಜನ್. ನಾರ್ತ್ ಅಮೆರಿಕನ್ ಕಂಪನಿಯ ಈ ವಿಮಾನ 1949ರಲ್ಲಿ ಹಾರಿದ್ದೇ ತರಬೇತಿಗಾಗಿ. ರೆಕ್ಕೆ ಕೆಳಗಿದೆ, ಆದರೂ ತುದಿಗಳು ಸಾಕಷ್ಟು ಎತ್ತಿವೆ. ಮೂಗಿನಡಿ ಚಕ್ರ ಇರುವುದರಿಂದ ನೆಲದ ಮೇಲೆ ನೇರವಾಗಿ ಓಡುತ್ತದೆ. ಫೋಮ್ ಮಾದರಿಯಾಗಿ ಇದು ಬಹಳ ಜನರ ಎರಡನೇ ವಿಮಾನವಾಗಿದೆ, ಆ ಹೆಸರಿಗೆ ಅರ್ಹವೂ ಹೌದು. ಕಲಿಸುವುದರಲ್ಲಿ ಸ್ಟಿಕ್‌ಗಿಂತ ಒಂದು ಹಿಡಿ ಕಡಿಮೆ, ನೋಡಲು ಹತ್ತು ಪಾಲು ಹೆಚ್ಚು. ಈ ಸಾಲಿನಲ್ಲಿ ನಮ್ಮದೇ ಒಂದು ವಿಮಾನ ನೆನಪಾಗದೆ ಇರದು: ಡಾ. ವಿ.ಎಂ. ಘಾಟಗೆ ನೇತೃತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ಎಚ್‌ಟಿ-2. ಕೆಳರೆಕ್ಕೆ, ಮಡಚದ ಚಕ್ರ, ಮುಂದೊಬ್ಬರು ಹಿಂದೊಬ್ಬರು ಕೂರುವ ಟ್ರೈನರ್. ಕೈ ಪಳಗಿದ ಮೇಲೆ ಮೂರನೆಯದಾಗಿ ಇದನ್ನು ಬಾಲ್ಸಾ ಮರದಲ್ಲಿ ಕಟ್ಟುವ ಕನ್ನಡದ ಹುಡುಗ ಹುಡುಗಿಯರು ಹೆಚ್ಚಲಿ ಎಂಬುದು ನನ್ನ ಆಸೆ.

ಪೈಪರ್ ಕಬ್ ಬಗ್ಗೆ ಒಂದು ಮಾತು. ಹಳದಿ ಬಣ್ಣದ, ಮೇಲ್ರೆಕ್ಕೆಯ ಈ ಸೌಮ್ಯ ವಿಮಾನ ಟ್ರೈನರ್‌ನಷ್ಟೇ ಸುಲಭ ಎಂದು ಎಲ್ಲರೂ ನಂಬುತ್ತಾರೆ. ಆದರೆ ಐಲರಾನ್ ಮಾತ್ರ ಕೊಟ್ಟರೆ ಕಬ್‌ನ ಮೂಗು ತಿರುವಿನ ಎದುರು ದಿಕ್ಕಿಗೆ ಎಳೆಯುತ್ತದೆ, ಜೊತೆಗೆ ರಡ್ಡರ್ ಕೊಡಲೇಬೇಕು. ಬಾಲಚಕ್ರದ್ದಾದ್ದರಿಂದ ಓಡುವಾಗ ಪಕ್ಕಕ್ಕೆ ತಿರುಗಿಬಿಡುವ ಚಾಳಿಯೂ ಇದೆ. ಎಡಗೈಯನ್ನು ಪಳಗಿಸಲು ಒಳ್ಳೆಯ ಗುರು, ಸುಲಭದ ವಿಮಾನವಲ್ಲ.

ಈಗ ಇವೆಲ್ಲಕ್ಕೂ ಉತ್ತರವೆಂಬಂತೆ ಜೈರೊ ಬಂದಿದೆ. ಹೊರೈಜನ್ ಹಾಬಿ ಕಂಪನಿಯ ಸೇಫ್ ಥರದ ವ್ಯವಸ್ಥೆಗಳು ವಿಮಾನ ಇಷ್ಟಕ್ಕಿಂತ ಹೆಚ್ಚು ವಾಲದಂತೆ ತಡೆಯುತ್ತವೆ, ಕಡ್ಡಿ ಬಿಟ್ಟರೆ ಸಮ ಮಾಡುತ್ತವೆ. ಮೊದಲ ವಿಮಾನದಲ್ಲಿ ಇದು ವರವೇ ಸರಿ. ಗುರು ಹತ್ತಿರವಿಲ್ಲದ ಊರಿನಲ್ಲಿ ಒಬ್ಬರೇ ಕಲಿಯುವವರು ಇದರಿಂದ ನಿಜಕ್ಕೂ ಉದ್ಧಾರವಾಗಿದ್ದಾರೆ. ಆದರೆ ಎರಡನೇ ವಿಮಾನದಲ್ಲೂ ಇದನ್ನೇ ನೆಚ್ಚಿಕೊಂಡರೆ ಟ್ರೈನರ್‌ನ ರೆಕ್ಕೆ ಮಾಡುತ್ತಿದ್ದುದನ್ನು ಚಿಪ್ ಮಾಡುತ್ತದೆ, ಕೈ ಅಲ್ಲೇ ಉಳಿಯುತ್ತದೆ. ಗಾಳಿಯ ಹೊಡೆತವನ್ನು ಮಾತ್ರ ತಗ್ಗಿಸಿ, ವಾಲಿದ್ದನ್ನು ವಾಲಿದ ಹಾಗೇ ಬಿಡುವ ಬಗೆಯ ಜೈರೊಗೆ ನನ್ನ ತಕರಾರಿಲ್ಲ. ತಾನಾಗಿ ಸಮ ಮಾಡುವುದನ್ನು ಒಂದು ಸ್ವಿಚ್ಚಿನಿಂದ ಆರಿಸಲು ಬರದ ವಿಮಾನವನ್ನು ಎರಡನೆಯದಾಗಿ ಕೊಳ್ಳಬೇಡಿ.

ನಮ್ಮ ನೆಲದ ಮಾತು ಬೇರೆಯೇ ಇದೆ. ವಿದೇಶಿ ವಿಮರ್ಶೆಗಳು ಕತ್ತರಿಸಿದ ಹುಲ್ಲು ಇಲ್ಲವೇ ಟಾರು ಹಾಕಿದ ಕ್ಲಬ್ ರನ್‌ವೇ ಮೇಲೆ ನಿಂತು ಬರೆದವು. ನಮ್ಮಲ್ಲಿ ಹಾರಿಸುವುದು ಒಣಗಿದ ಕೆರೆಯಂಗಳದಲ್ಲಿ, ಕೊಯ್ಲಾದ ಹೊಲದಲ್ಲಿ, ಕಾಲೇಜು ಮೈದಾನದಲ್ಲಿ. ಕೂಳೆ, ಕಲ್ಲು, ಬಿರುಕುಬಿಟ್ಟ ಮಣ್ಣು. ಇಲ್ಲಿ ಚಿಕ್ಕ ಚಕ್ರದ, ಮಡಚುವ ಕಾಲಿನ ವಿಮಾನ ಎಷ್ಟೇ ಚೆನ್ನಾಗಿ ಹಾರಿದರೂ ನಿರುಪಯೋಗಿ. ದಪ್ಪ ತಂತಿಯ ಗಟ್ಟಿ ಕಾಲು, ದೊಡ್ಡ ಚಕ್ರ ಇರಲಿ. ಆಷಾಢದ ಗಾಳಿಯಲ್ಲಿ ಹೊಸ ವಿಮಾನದ ಮೊದಲ ಹಾರಾಟ ಬೇಡವೇ ಬೇಡ. ಬೆಂಗಳೂರಿನವರಿಗೆ ಇನ್ನೊಂದು ಕಟ್ಟು ಇದೆ: ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರು ಎಂದು ಸುತ್ತಲೂ ವಿಮಾನನಿಲ್ದಾಣಗಳು. 2021ರ ಡ್ರೋನ್ ನಿಯಮಗಳ ಪ್ರಕಾರ ಹವ್ಯಾಸಕ್ಕಾಗಿ ಕಣ್ಣಳತೆಯಲ್ಲಿ ಹಾರಿಸುವ, 25 ಕೆ.ಜಿ. ಮೀರದ ಮಾದರಿ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್ ಬೇಡ; ಆದರೆ ವಿಮಾನನಿಲ್ದಾಣಗಳ ಸುತ್ತಲಿನ ಕೆಂಪು, ಹಳದಿ ವಲಯಗಳ ನಿರ್ಬಂಧ ಅನ್ವಯಿಸುತ್ತದೆ. ಉಳಿಯುವ ಜಾಗ ಚಿಕ್ಕದು. ಚಿಕ್ಕ ಜಾಗದಲ್ಲಿ ವೇಗದ ವಿಮಾನ ತಿರುಗಲು ಬಿಗಿಯಾದ ತಿರುವು ಬೇಕು, ಬಿಗಿ ತಿರುವಿನ ಲೆಕ್ಕ ಮೇಲೆಯೇ ಹೇಳಿದೆ.

ಖರ್ಚಿನ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಟ್ರೈನರ್‌ನ ಬ್ಯಾಟರಿಯನ್ನೇ ಬಳಸುವ ವಿಮಾನ ಆರಿಸಿ. ಮೂರು ಸೆಲ್ಲಿನ 2200 ಎಂಎಎಚ್ ಬ್ಯಾಟರಿ ಇದ್ದರೆ ಅದಕ್ಕೆ ಹೊಂದುವ ವಿಮಾನಗಳು ಬೇಕಾದಷ್ಟಿವೆ. ಮಾದರಿಗಳ ಸೆಟ್ಟಿಂಗ್ ಬೇರೆಬೇರೆಯಾಗಿ ನೆನಪಿಡುವ ಆರು ಚಾನೆಲ್ಲಿನ ರಿಮೋಟ್ ಸಾಕು. ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಕೋರೋಶೀಟ್ ಎಂಬ ಟೊಳ್ಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕಟ್ಟುವ ಸ್ಟಿಕ್ ಥರದ ವಿಮಾನ ತುಸು ಭಾರವಾದರೂ ಬಿದ್ದು ಎದ್ದು ಹಾರುತ್ತದೆ, ಬೆಲೆಯೂ ಕಡಿಮೆ. ಯಾವುದನ್ನೇ ಆರಿಸಿದರೂ ಮೊದಲ ಹಾರಾಟಕ್ಕೆ ಮುಂಚೆ ತೂಕದ ಸಮತೋಲನ ಕೈಪಿಡಿ ಹೇಳಿದ ಜಾಗದಲ್ಲಿದೆಯೇ, ಐಲರಾನ್ ಸರಿಯಾದ ದಿಕ್ಕಿಗೆ ಏಳುತ್ತಿದೆಯೇ ನೋಡಿ. ಉಲ್ಟಾ ಐಲರಾನ್ ಇರುವ ವಿಮಾನವನ್ನು ಎಂಥ ಕೈಯೂ ಉಳಿಸುವುದು ಕಷ್ಟ.

ನನ್ನ ತೀರ್ಪು ಹೀಗಿದೆ. ಎರಡನೇ ವಿಮಾನವಾಗಿ ಮೊದಲ ಸ್ಥಾನ ಸ್ಟಿಕ್‌ಗೆ, ರೂಪದ ಆಸೆ ತಡೆಯದವರಿಗೆ ಟ್ರೋಜನ್, ಎಡಗೈಯ ಪಾಠ ಬೇಕಾದವರಿಗೆ ಕಬ್. ಸ್ಪಿಟ್‌ಫೈರ್ ನಾಲ್ಕನೆಯದೋ ಐದನೆಯದೋ ಆಗಲಿ. ಹಳೆಯ ಟ್ರೈನರ್ ಅನ್ನು ಮಾತ್ರ ಮಾರಬೇಡಿ: ಹೊಸದನ್ನು ಏರಿಸುವ ಪ್ರತಿ ಬೆಳಗ್ಗೆಯೂ ಮೊದಲು ಅದನ್ನೇ ಒಂದು ಸುತ್ತು ಹಾರಿಸಿ ಗಾಳಿ ಹೇಗಿದೆ, ಕೈ ಹೇಗಿದೆ ನೋಡಿಕೊಳ್ಳಿ.