ಬಿರುಗಾಳಿ ಮತ್ತು ತಪ್ಪಿತಸ್ಥರ ಹುಡುಕಾಟ

ನೂಲ ಹುಣ್ಣಿಮೆಯಂದು ಮಲ್ಪೆಯ ಮೊಗವೀರರು ವಡಭಾಂಡೇಶ್ವರದಲ್ಲಿ ಪೂಜೆ ಸಲ್ಲಿಸಿ, ಸಮುದ್ರಕ್ಕೆ ಹಾಲೆರೆದು ತೆಂಗಿನಕಾಯಿ ಅರ್ಪಿಸುತ್ತಾರೆ. ಬೊಬ್ಬರ್ಯ ದೈವ ಕಡಲಿನಲ್ಲಿ ಕಾಯುತ್ತದೆಂದು ನಂಬುತ್ತಾರೆ. ನಮ್ಮ ಪ್ರಬೋಧನೆಗಳು ಇದನ್ನು ‘ಮೂಢನಂಬಿಕೆ’ ಎಂಬ ಒಂದೇ ಪದದಲ್ಲಿ ಬದಿಗಿಡುತ್ತವೆ. ವಿವೇಚನೆ ಆರಂಭವಾಗುವ ಮೊದಲೇ ಆ ಪದ ತೀರ್ಪು ನೀಡಿಬಿಡುತ್ತದೆ ಎಂಬುದು ನಮ್ಮ ಆಕ್ಷೇಪ.

ದಾವಣಗೆರೆ, ಹರಿಹರದ ನಾವು ಕಡಲಿನಿಂದ ದೂರವಿರುವವರು. ಆದರೂ ಹರಿಹರದಲ್ಲಿ ಭಕ್ತರು ಹರಕೆ ಹೊತ್ತು ಬರುವ ಆರೋಗ್ಯ ಮಾತೆಯ ಬಿರುದೇ ವೇಳಾಂಕಣ್ಣಿಯ ಮಾತೆಗೂ ಇದೆ. ಬಿರುಗಾಳಿಗೆ ಸಿಲುಕಿದ ಪೋರ್ಚುಗೀಸ್ ನಾವಿಕರು ಮಾತೆಗೆ ಹರಕೆ ಹೊತ್ತು, ಸೆಪ್ಟೆಂಬರ್ 8ರಂದು ದಡ ಸೇರಿ, ಅಲ್ಲಿ ದೇವಾಲಯ ಕಟ್ಟಿಸಿದರೆಂಬುದು ಆ ಕ್ಷೇತ್ರದ ಪರಂಪರೆ. ನಾವಿಕರ ಭಯವನ್ನು ಹಗುರವಾಗಿ ಕಾಣುವ ಅಧಿಕಾರ ನಮಗಿಲ್ಲ.

ಆರಾಧನೆ ಯಾರಿಗೆ ಸಲ್ಲಬೇಕೆಂಬ ಮೊದಲ ಆಜ್ಞೆಯ ಪ್ರಶ್ನೆ ಇದರಿಂದ ಕರಗುವುದಿಲ್ಲ. ಜನಪದ ಭಕ್ತಿಯಲ್ಲಿ ಮೂಢನಂಬಿಕೆಯ ಅಪಾಯವೂ ಮೌಲ್ಯಗಳ ಸಂಪತ್ತೂ ಇವೆಯೆಂದು ಜಗದ್ಗುರು ಆರನೇ ಪೌಲರು 1975ರಲ್ಲಿಯೇ ಬೋಧಿಸಿದ್ದಾರೆ. ನಾವು ಕೇಳದೆ ಬಿಟ್ಟಿರುವ ಪ್ರಶ್ನೆ ಇನ್ನೊಂದಿದೆ: ಅಪಾಯದ ಹೊಣೆಯನ್ನು ಒಂದು ನಂಬಿಕೆ ಯಾರ ಹೆಗಲಿಗೆ ಹೊರಿಸುತ್ತದೆ?

ತಕಳಿ ಶಿವಶಂಕರ ಪಿಳ್ಳೆಯವರ ‘ಚೆಮ್ಮೀನ್’ (1956) ಕಾದಂಬರಿಯಲ್ಲಿ ಕಡಲಿಗಿಳಿದ ಗಂಡನ ಪ್ರಾಣಕ್ಕೆ ದಡದಲ್ಲಿರುವ ಹೆಂಡತಿಯ ಶೀಲವೇ ಕಾವಲು. ಕರುತ್ತಮ್ಮಳ ಹಳೆಯ ಪ್ರೀತಿ ಮರುಕಳಿಸಿದ ರಾತ್ರಿಯೇ ಪಳನಿ ಕಡಲಿನ ಪಾಲಾಗುತ್ತಾನೆ. ಕಾದಂಬರಿಯ ಕರುಣೆ ಅವಳ ಪರವಾಗಿದ್ದರೂ ಕಥೆಯ ಅಂತ್ಯ ಆ ನಂಬಿಕೆಯನ್ನೇ ನಿಜಮಾಡುತ್ತದೆ.

ಯೋನನ ಗ್ರಂಥದ ನಾವಿಕರೂ ತಪ್ಪಿತಸ್ಥನನ್ನು ಹುಡುಕಲು ಚೀಟು ಹಾಕುತ್ತಾರೆ. ಆದರೆ ಅವನು ಸಿಕ್ಕಿದ ಮೇಲೆ, ತನ್ನನ್ನು ಸಮುದ್ರಕ್ಕೆಸೆಯಿರೆಂದು ಅವನೇ ಹೇಳಿದರೂ, ಅವನನ್ನು ಉಳಿಸಲು ಹುಟ್ಟು ಹಾಕಿ ಹೆಣಗುತ್ತಾರೆ (1:13). ಆ ಅನ್ಯಧರ್ಮೀಯರ ಕರುಣೆ ಪ್ರವಾದಿಯ ಮನಸ್ಸಿಗಿಂತ ವಿಶಾಲವಾಗಿದೆ. ಗಲಿಲೇಯ ಸರೋವರದಲ್ಲಿ ಯೇಸುಸ್ವಾಮಿ ದೋಣಿಯೊಳಗೆ ಪಾಪಿಯನ್ನು ಹುಡುಕುವುದಿಲ್ಲ. ಗಾಳಿಯನ್ನು ಗದರಿಸುತ್ತಾರೆ, ಅನಂತರ ಶಿಷ್ಯರ ವಿಶ್ವಾಸವನ್ನು ಪ್ರಶ್ನಿಸುತ್ತಾರೆ (ಮಾರ್ಕ 4:39-40).

ಈ ಅಳತೆಗೋಲು ಮೊದಲು ನಮ್ಮ ಧರ್ಮಕೇಂದ್ರಗಳಿಗೇ ಅನ್ವಯಿಸಬೇಕು. ಮಗು ಕಾಯಿಲೆಬಿದ್ದಾಗ ತಾಯಿಯ ತೀರದ ಹರಕೆಯನ್ನು ಕಾರಣವಾಗಿ ತೋರಿಸುವ ಮಾತು ಕ್ರೈಸ್ತರ ಬಾಯಿಂದ ಬಂದರೂ ಅದು ಶುಭಸಂದೇಶವಲ್ಲ. ಹುಟ್ಟುಕುರುಡನ ವಿಷಯದಲ್ಲಿ ‘ಯಾರ ಪಾಪ?’ ಎಂದು ಕೇಳಿದ ಶಿಷ್ಯರಿಗೆ ಯೇಸುಸ್ವಾಮಿ ಯಾರ ಹೆಸರನ್ನೂ ಹೇಳಲಿಲ್ಲ (ಯೊವಾನ್ನ 9:3). ಹರಿಹರಕ್ಕೆ ಅಂಜಿಕೆಯಿಂದ ಬರುವ ತಾಯಿಗೆ ಗುರುಗಳು ಮೊದಲು ಹೇಳಬೇಕಾದದ್ದು ಇದನ್ನೇ.